ಕಿವಿ ಕೇಳಿಸದವರ ಫೋನ್ ಕರೆ: ದುಡ್ಡು ಕೊಡುವವರು ಯಾರು, ಗುಟ್ಟು ಕಾಯುವವರು ಯಾರು?

ಬ್ಯಾಂಕಿನಿಂದ ಫೋನ್ ಬರುತ್ತದೆ. "ಖಾತೆದಾರರೇ ಮಾತಾಡಬೇಕು" ಅನ್ನುತ್ತದೆ ಆಚೆಯ ದನಿ. ಖಾತೆದಾರ ಅಲ್ಲೇ ಎದುರು ಕೂತಿದ್ದಾನೆ. ಆದರೆ ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ತಂಗಿ ಫೋನ್ ತೆಗೆದುಕೊಂಡು "ಅವರಿಗೆ ಕೇಳಿಸುವುದಿಲ್ಲ, ನೀವು ನನ್ನ ಹತ್ತಿರ ಹೇಳಿ, ನಾನು ತಿಳಿಸುತ್ತೇನೆ" ಅಂದರೆ, "ಬೇರೆಯವರ ಜೊತೆ ಮಾತಾಡುವ ಹಾಗಿಲ್ಲ ಮೇಡಂ" ಎಂಬ ಉತ್ತರ. ಕರೆ ಕಟ್. ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಆಚೆ ಮಂಗಳೂರಿನಲ್ಲೂ, ಕಿವಿ ಕೇಳಿಸದ ಒಬ್ಬರಿರುವ ಮನೆಗೆ ಇದೇನೂ ಹೊಸ ಸಂಗತಿಯಲ್ಲ.

ಬ್ಯಾಂಕಿನ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕರೆ ಮಾಡಿ ಮೋಸ ಮಾಡುವವರ ಕಾಲ ಇದು, ಅವನಿಗೂ ನಿಯಮವಿದೆ. ಇನ್ನು ಬ್ಯಾಂಕು ಒಪ್ಪಿತು ಅಂತಲೇ ಇಟ್ಟುಕೊಳ್ಳಿ. ಆಗ ಅಣ್ಣನ ಸಾಲ ಎಷ್ಟು, ಆಸ್ಪತ್ರೆಯ ರಿಪೋರ್ಟ್‌ನಲ್ಲಿ ಏನಿದೆ, ಮದುವೆ ಮಾತುಕತೆ ಎಲ್ಲಿ ನಿಂತಿದೆ, ಎಲ್ಲವೂ ಮೊದಲು ತಂಗಿಗೆ ಗೊತ್ತಾಗುತ್ತದೆ. ಅವಳು ಹೇಳಿದಷ್ಟೇ ಅವನಿಗೆ ತಿಳಿಯುವುದು. ಮೂವತ್ತು ದಾಟಿದ, ದುಡಿದು ಮನೆ ಸಾಕುವ ಗಂಡಸು ಫೋನಿನ ವಿಷಯದಲ್ಲಿ ಮಾತ್ರ ಚಿಕ್ಕ ಮಗುವಿನ ಹಾಗೆ ಇರಬೇಕಾಗುತ್ತದೆ.

ಹಾಗಾದರೆ ಕೇಳಿಸದವನ ಮಾತನ್ನು ಕೇಳಿಸುವವನಿಗೆ ದಾಟಿಸುವ ಕೆಲಸ ಯಾರದು? ಮನೆಯವರದ್ದಾ, ದಾನಿಗಳದ್ದಾ, ಸರ್ಕಾರದ್ದಾ, ಅಥವಾ ತಿಂಗಳು ತಿಂಗಳು ರೀಚಾರ್ಜ್ ದುಡ್ಡು ತೆಗೆದುಕೊಳ್ಳುವ ಟೆಲಿಫೋನ್ ಕಂಪನಿಯದ್ದಾ? ಅಮೆರಿಕ ಈ ಪ್ರಶ್ನೆಗೆ 1990ರಲ್ಲೇ ಕಾನೂನಿನಲ್ಲಿ ಉತ್ತರ ಬರೆಯಿತು. ಆ ಉತ್ತರಕ್ಕೆ ಈಗ ಮೂವತ್ತೈದು ವರ್ಷ ದಾಟಿದೆ. ಅದು ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ನೋಡಿದರೆ ನಮ್ಮಲ್ಲಿ ಏನು ಕೇಳಬೇಕು ಅನ್ನುವುದು ಸ್ಪಷ್ಟವಾಗುತ್ತದೆ.

ಫೋನೇ ಬಾಗಿಲು ಮುಚ್ಚಿತ್ತು

ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಶಿಕ್ಷಕ. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅದೇ ಯಂತ್ರ ಮುಂದೆ ಸುಮಾರು ತೊಂಬತ್ತು ವರ್ಷ ಕಿವುಡರನ್ನು ಹೊರಗೇ ನಿಲ್ಲಿಸಿತು. ಕಚೇರಿ, ಆಸ್ಪತ್ರೆ, ಪೊಲೀಸ್ ಠಾಣೆ, ಅಂಗಡಿ ಎಲ್ಲವೂ ಫೋನಿಗೆ ಒಗ್ಗಿಕೊಂಡಷ್ಟೂ ಕೇಳಿಸದವರಿಗೆ ಕಷ್ಟ ಹೆಚ್ಚಾಯಿತು.

1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಭೌತವಿಜ್ಞಾನಿ ಒಂದು ದಾರಿ ಕಂಡುಕೊಂಡರು. ಅವರೂ ಕಿವುಡರೇ. ಹಳೆಯ ಟೆಲಿಪ್ರಿಂಟರ್ ಯಂತ್ರದಲ್ಲಿ ಟೈಪ್ ಮಾಡಿದ ಅಕ್ಷರಗಳನ್ನು ಶಬ್ದವಾಗಿಸಿ, ಫೋನಿನ ರಿಸೀವರ್ ಮೂಲಕ ಕಳಿಸುವ ಪೆಟ್ಟಿಗೆಯದು. ಫೋನ್ ಲೈನಿಗೆ ಹೊರಗಿನ ಯಂತ್ರವನ್ನು ನೇರ ಜೋಡಿಸಲು ಕಂಪನಿ ಬಿಡುತ್ತಿರಲಿಲ್ಲ. ಹಾಗಾಗಿ ರಿಸೀವರನ್ನು ಪೆಟ್ಟಿಗೆಯ ಮೇಲೆ ಇಟ್ಟು ಶಬ್ದದ ಮೂಲಕವೇ ಕೆಲಸ ಸಾಗಿಸಬೇಕಾಯಿತು. ಟಿಟಿವೈ ಎಂದು ಹೆಸರಾದ ಈ ವ್ಯವಸ್ಥೆಯಿಂದ ಇಬ್ಬರು ಕಿವುಡರು ತಮ್ಮತಮ್ಮಲ್ಲಿ ಮಾತಾಡಬಹುದಾಯಿತು. ಆದರೆ ಡಾಕ್ಟರ ಬಳಿ, ಬ್ಯಾಂಕಿನಲ್ಲಿ ಆ ಯಂತ್ರ ಎಲ್ಲಿತ್ತು? ನಡುವೆ ಒಬ್ಬ ಮನುಷ್ಯ ಬೇಕಿತ್ತು.

ಆ ನಡುವಿನ ಮನುಷ್ಯನೇ ರಿಲೇ. ಕಿವುಡ ವ್ಯಕ್ತಿ ಟೈಪ್ ಮಾಡುತ್ತಾನೆ, ರಿಲೇ ಕೇಂದ್ರದಲ್ಲಿರುವ ಆಪರೇಟರ್ ಅದನ್ನು ಆಚೆಯವರಿಗೆ ಓದಿ ಹೇಳುತ್ತಾರೆ, ಅವರ ಮಾತನ್ನು ಟೈಪ್ ಮಾಡಿ ಈಚೆಗೆ ಕಳಿಸುತ್ತಾರೆ. ಮೊದಮೊದಲು ಇದೆಲ್ಲ ಸ್ವಯಂಸೇವಕರ ಕೆಲಸವಾಗಿತ್ತು. ಹಗಲು ಹೊತ್ತು ಮಾತ್ರ, ಅದೂ ಯಾರಾದರೂ ಬಿಡುವಾಗಿದ್ದರೆ. 1987ರಲ್ಲಿ ಕ್ಯಾಲಿಫೋರ್ನಿಯ ಇಡೀ ರಾಜ್ಯಕ್ಕೆ ಒಂದು ರಿಲೇ ಸೇವೆ ತಂದಿತು. ಎಲ್ಲ ರಾಜ್ಯದವರಿಗೂ ಅದಿರಲಿಲ್ಲ.

ಒಂದು ಸೆಕ್ಷನ್ ಮಾಡಿದ ಕೆಲಸ

1990ರ ಜುಲೈ 26ರಂದು ಅಮೆರಿಕದ ಅಂಗವಿಕಲರ ಕಾಯ್ದೆಗೆ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಸಹಿ ಹಾಕಿದರು. ಅದರ ನಾಲ್ಕನೇ ಭಾಗ 1934ರ ಸಂಪರ್ಕ ಕಾಯ್ದೆಗೆ 225ನೇ ಸೆಕ್ಷನ್ ಸೇರಿಸಿತು. ಟೆಲಿಫೋನ್ ಕಂಪನಿಗಳು ಮೂರು ವರ್ಷದೊಳಗೆ, ಅಂದರೆ 1993ರ ಜುಲೈ 26ರೊಳಗೆ, ಎಲ್ಲ ಕಡೆ ರಿಲೇ ಸೇವೆ ಕೊಡಲೇಬೇಕು. ಕೇಳಿಸುವವರ ಫೋನಿಗೆ ಸಮನಾದ ಸೇವೆ ಅದಾಗಿರಬೇಕು. ಇದರ ಉಸ್ತುವಾರಿ ಕೇಂದ್ರ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿಯ ಕೈಗೆ ಬಂತು.

ಇಲ್ಲಿ ಗಮನಿಸಬೇಕಾದದ್ದು ಕಾಯ್ದೆಯ ದೊಡ್ಡ ಮಾತಲ್ಲ, ಸಣ್ಣ ಸಣ್ಣ ನಿಯಮಗಳು. ಸೇವೆ ದಿನದ 24 ಗಂಟೆಯೂ ಇರಬೇಕು. ಮಾಮೂಲಿ ಕರೆಗಿಂತ ಒಂದು ಪೈಸೆ ಹೆಚ್ಚು ವಸೂಲಿ ಮಾಡುವಂತಿಲ್ಲ. ಆಪರೇಟರ್ ಯಾವ ಕರೆಯನ್ನೂ ನಿರಾಕರಿಸುವಂತಿಲ್ಲ, "ಸಾಕು ಮಾತಾಡಿದ್ದು" ಎಂದು ಮೊಟಕು ಮಾಡುವಂತಿಲ್ಲ. ಕೇಳಿದ ಮಾತನ್ನು ಬದಲಿಸುವಂತಿಲ್ಲ. ಕರೆ ಮುಗಿದ ಮೇಲೆ ಅದರ ದಾಖಲೆ ಇಟ್ಟುಕೊಳ್ಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಎಫ್‌ಸಿಸಿ ಇನ್ನೂ ಕೆಳಗಿಳಿದು ಬರೆಯಿತು: ಟೈಪ್ ಮಾಡುವ ವೇಗ ನಿಮಿಷಕ್ಕೆ ಕನಿಷ್ಠ 60 ಪದ. ಬರುವ ಕರೆಗಳಲ್ಲಿ ಶೇ. 85ರಷ್ಟಕ್ಕೆ 10 ಸೆಕೆಂಡಿನೊಳಗೆ ಉತ್ತರ. ಕರೆಯ ನಡುವೆ ಡ್ಯೂಟಿ ಬದಲಾಗಿ ಹೊಸಬರು ಬಂದರೆ ಮಾತಿನ ಎಳೆ ತಪ್ಪುತ್ತದಲ್ಲ, ಹಾಗಾಗಿ ಒಬ್ಬ ಆಪರೇಟರ್ ಕನಿಷ್ಠ 10 ನಿಮಿಷ ಕರೆಯಲ್ಲಿ ಇರಲೇಬೇಕು.

ಓದುವಾಗ ಬೇಸರ ತರಿಸುವ ಲೆಕ್ಕ ಇದು. ಆದರೆ "ಸಮಾನ ಅವಕಾಶ" ಎಂದು ಬರೆದು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಸಮಾನ ಅವಕಾಶವನ್ನು ಕೋರ್ಟಿನಲ್ಲಿ ಅಳೆಯಲು ವರ್ಷಗಳು ಬೇಕು, 10 ಸೆಕೆಂಡನ್ನು ಅಳೆಯಲು ಗಡಿಯಾರ ಸಾಕು.

ಮಾತಿನ ತೊಂದರೆ ಇರುವವರನ್ನೂ ನಿಯಮ ಮರೆಯಲಿಲ್ಲ. ಸೆರೆಬ್ರಲ್ ಪಾಲ್ಸಿ ಇರುವವರು, ಪಾರ್ಶ್ವವಾಯು ಬಡಿದವರು, ಗಂಟಲಿನ ಶಸ್ತ್ರಚಿಕಿತ್ಸೆ ಆದವರು ಫೋನಿನಲ್ಲಿ ಮಾತಾಡಿದರೆ ಆಚೆಯವರಿಗೆ ಅರ್ಥವಾಗುವುದಿಲ್ಲ, ಬಹಳ ಮಂದಿ ಕುಡಿದಿದ್ದಾರೆ ಅಂದುಕೊಂಡು ಫೋನ್ ಇಟ್ಟುಬಿಡುತ್ತಾರೆ. ಅಂಥವರ ಉಚ್ಚಾರ ಹಿಡಿಯಲು ತರಬೇತಾದ ಆಪರೇಟರ್ ನಡುವೆ ನಿಂತು, ಅದೇ ಮಾತನ್ನು ಬಿಡಿಸಿ ಹೇಳುವ ಸೇವೆಯನ್ನು 2001ರ ಮಾರ್ಚ್‌ನಿಂದ ಕಡ್ಡಾಯ ಮಾಡಲಾಯಿತು. ಒಬ್ಬರ ಮಾತಿನ ಧಾಟಿಗೆ ಕಿವಿ ಒಗ್ಗಲು ಸಮಯ ಬೇಕಲ್ಲ? ಅದಕ್ಕಾಗಿ ಇಲ್ಲಿ ಆಪರೇಟರ್ ಕನಿಷ್ಠ 20 ನಿಮಿಷ ಕರೆಯಲ್ಲಿ ಉಳಿಯಬೇಕೆಂಬ ನಿಯಮವಿದೆ. ಅದೇ ವರ್ಷದ ಅಕ್ಟೋಬರ್ 1ರಿಂದ ದೇಶದ ಯಾವ ಮೂಲೆಯಿಂದಲೂ 711 ಒತ್ತಿದರೆ ರಿಲೇ ಸಿಗುವಂತಾಯಿತು.

ಖರ್ಚು? ಕಾಯ್ದೆ ಅದನ್ನು ಕಿವುಡರ ತಲೆಗೂ ಕಟ್ಟಲಿಲ್ಲ, ಸರ್ಕಾರದ ಬಜೆಟ್‌ಗೂ ಬಿಡಲಿಲ್ಲ. ರಾಜ್ಯ ರಾಜ್ಯಗಳ ನಡುವೆ ಸೇವೆ ಕೊಡುವ ಟೆಲಿಕಾಂ ಕಂಪನಿಗಳೆಲ್ಲ ತಮ್ಮ ಆದಾಯದಲ್ಲಿ ಒಂದು ಸಣ್ಣ ಪಾಲನ್ನು ರಿಲೇ ನಿಧಿಗೆ ಹಾಕಬೇಕು. ಕಂಪನಿಗಳು ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುತ್ತವೆ. ಅಂದರೆ ಫೋನ್ ಇಟ್ಟುಕೊಂಡ ಪ್ರತಿಯೊಬ್ಬರೂ ಚಿಲ್ಲರೆ ಕಾಸು ಹಾಕಿ ಈ ಸೇತುವೆಯನ್ನು ನಿಲ್ಲಿಸಿದ್ದಾರೆ. ಈ ಬಗೆಯ ವಂತಿಗೆಯೇ ಸಂವಿಧಾನಬಾಹಿರ ಎಂಬ ವಾದ ಇತ್ತೀಚೆಗೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಿಲೇ ನಿಧಿ ಆ ಪ್ರಕರಣದಲ್ಲಿ ನೇರವಾಗಿ ಇರಲಿಲ್ಲ, ಇದ್ದದ್ದು ಹಳ್ಳಿ, ಶಾಲೆ, ಬಡವರಿಗೆ ಫೋನ್–ಇಂಟರ್ನೆಟ್ ಕೊಡುವ ಸಾರ್ವತ್ರಿಕ ಸೇವಾ ನಿಧಿ. ಆದರೆ ಎರಡೂ ನಿಂತಿರುವುದು ಕಂಪನಿಗಳ ವಂತಿಗೆಯ ಮೇಲೆಯೇ. 2025ರ ಜೂನ್ 27ರಂದು ಕೋರ್ಟ್ 6–3ರ ಬಹುಮತದಿಂದ ಆ ನಿಧಿಯನ್ನು ಎತ್ತಿಹಿಡಿಯಿತು. ತೀರ್ಪು ತಿರುವುಮುರುವಾಗಿದ್ದರೆ ರಿಲೇ ನಿಧಿಗೂ ಬಿಸಿ ತಟ್ಟದೇ ಇರುತ್ತಿರಲಿಲ್ಲ.

ನಿಮಿಷಕ್ಕೆ ಆರು ಡಾಲರ್

2000ದಿಂದೀಚೆಗೆ ವಿಡಿಯೊ ರಿಲೇ ಬಂತು. ಕಿವುಡರು ಕ್ಯಾಮೆರಾ ಮುಂದೆ ತಮ್ಮದೇ ಸಂಜ್ಞಾ ಭಾಷೆಯಲ್ಲಿ ಮಾತಾಡುತ್ತಾರೆ, ಪರದೆಯಲ್ಲಿರುವ ದುಭಾಷಿ ಅದನ್ನು ಆಚೆಯವರಿಗೆ ದನಿಯಲ್ಲಿ ಹೇಳುತ್ತಾರೆ. ಟೈಪಿಂಗ್‌ನ ಕಾಯುವಿಕೆ ಇಲ್ಲ, ಸಿಟ್ಟು, ನಗು, ಅವಸರ ಎಲ್ಲವೂ ದಾಟುತ್ತದೆ. ಜನ ಇದನ್ನು ಅಪ್ಪಿಕೊಂಡರು. 2006ರ ಆರಂಭದಿಂದ ಇದೂ 24 ಗಂಟೆಯ ಸೇವೆಯಾಯಿತು, ಶೇ. 80ರಷ್ಟು ಕರೆಗಳಿಗೆ 120 ಸೆಕೆಂಡಿನೊಳಗೆ ದುಭಾಷಿ ಸಿಗಬೇಕೆಂಬ ನಿಯಮ ಬಂತು.

ಸೇವೆ ಕೊಡುವ ಕಂಪನಿಗಳಿಗೆ ನಿಧಿಯಿಂದ ಹಣ ಸಿಗುತ್ತಿದ್ದುದು ನಿಮಿಷದ ಲೆಕ್ಕದಲ್ಲಿ. 2007ರಿಂದ 2010ರವರೆಗೆ ನಿಮಿಷಕ್ಕೆ 6.24ರಿಂದ 6.77 ಡಾಲರ್. ಒಂದು ಗಂಟೆಯ ಕರೆಗೆ ಸುಮಾರು 400 ಡಾಲರ್! ನಿಮಿಷ ಎಣಿಸಿ ಹಣ ಕೊಟ್ಟರೆ ಏನಾಗುತ್ತದೆ? ನಿಮಿಷವನ್ನೇ ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ. ಜನರಿಗೆ ಕಾಸು ಕೊಟ್ಟು ಸುಮ್ಮನೆ ಕರೆ ಮಾಡಿಸುವುದು, ರೇಡಿಯೊ ಕಾರ್ಯಕ್ರಮ, ಪಾಡ್‌ಕಾಸ್ಟ್‌ಗಳಿಗೆ ಡಯಲ್ ಮಾಡಿ ಗಂಟೆಗಟ್ಟಲೆ ಹಾಗೇ ಬಿಡುವುದು. 2009ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ಕಾರ್ಯಾಚರಣೆ ನಡೆಸಿ 26 ಮಂದಿಯ ಮೇಲೆ ಮೊಕದ್ದಮೆ ಹೂಡಿತು. ಕಿವುಡರ ಹೆಸರಲ್ಲಿ ಬಂದ ದುಡ್ಡನ್ನು ಕೇಳಿಸದ ಕರೆಗಳ ಲೆಕ್ಕದಲ್ಲಿ ನುಂಗಿದ್ದರು.

ಟೈಪ್ ಮಾಡುವ ಇಂಟರ್ನೆಟ್ ರಿಲೇಯಲ್ಲಿ ಆದದ್ದು ಇನ್ನೂ ವಿಚಿತ್ರ. ಯಾರು ಬೇಕಾದರೂ ವೆಬ್‌ಸೈಟಿಗೆ ಹೋಗಿ ಕರೆ ಮಾಡಬಹುದಿತ್ತು. ವಿದೇಶದಲ್ಲಿ ಕೂತ ವಂಚಕರು ಕಿವುಡರ ಸೋಗಿನಲ್ಲಿ ಅಮೆರಿಕದ ಅಂಗಡಿಗಳಿಗೆ ಕರೆ ಮಾಡಿ, ಕದ್ದ ಕ್ರೆಡಿಟ್ ಕಾರ್ಡ್ ನಂಬರ್ ಕೊಟ್ಟು ಸಾಮಾನು ತರಿಸಿಕೊಳ್ಳತೊಡಗಿದರು. ಆಪರೇಟರಿಗೆ ಇದು ಮೋಸ ಎಂದು ಗೊತ್ತಾಗುತ್ತಿತ್ತು. ಆದರೆ ಕಾಯ್ದೆ ಪ್ರಕಾರ ಆಕೆ ಕರೆ ನಿರಾಕರಿಸುವಂತಿಲ್ಲ, ಅಂಗಡಿಯವರಿಗೆ ಎಚ್ಚರಿಕೆ ಕೊಡುವಂತಿಲ್ಲ. ಗುಟ್ಟು ಕಾಯಲೆಂದು ಮಾಡಿದ ನಿಯಮದ ಮರೆಯಲ್ಲೇ ಕಳ್ಳ ನಿಂತಿದ್ದ. ಕೆಲ ವರ್ಷಗಳಲ್ಲಿ ಅಂಗಡಿಯವರು ರಿಲೇ ಕರೆ ಅಂದ ಕೂಡಲೇ ಫೋನ್ ಇಡಲು ಶುರು ಮಾಡಿದರು. ನಿಜವಾದ ಕಿವುಡ ಗಿರಾಕಿ ಪಿಜ್ಜಾ ತರಿಸಲು ಫೋನ್ ಮಾಡಿದರೂ ಕರೆ ಕಟ್.

ಸರ್ಕಾರ ಎರಡು ಕಡೆಯಿಂದ ಹಗ್ಗ ಬಿಗಿ ಮಾಡಿತು. ವ್ಯಾಪಾರ ಸಂಸ್ಥೆಗಳು ರಿಲೇ ಕರೆಯನ್ನು ಬೇರೆ ಕರೆಗಳ ಹಾಗೆಯೇ ಸ್ವೀಕರಿಸಬೇಕು ಎಂಬ ನಿಯಮ 2011ರಲ್ಲಿ ಜಾರಿಗೆ ಬಂತು. ಇದು ಬಹಳ ಮುಖ್ಯ. ಸೇತುವೆ ಕಟ್ಟಿದರೆ ಸಾಲದು, ಆಚೆ ದಡದಲ್ಲಿ ಬಾಗಿಲು ತೆರೆಯುವವರೂ ಬೇಕು. 2012ರಲ್ಲಿ, ಗುರುತು ದೃಢಪಡುವ ಮೊದಲು ಹೊಸಬರು ಇಂಟರ್ನೆಟ್ ರಿಲೇಯಲ್ಲಿ ಕರೆ ಮಾಡುವುದಕ್ಕೆ ತಡೆ ಬಿತ್ತು. ವಿಡಿಯೊ ರಿಲೇ ದುಭಾಷಿಗಳು ಮನೆಯಿಂದ ಕೆಲಸ ಮಾಡುವುದನ್ನೂ 2011ರಲ್ಲಿ ನಿಲ್ಲಿಸಲಾಯಿತು. ಮುಂದೆ ಬಳಕೆದಾರರ ಹೆಸರು, ವಿಳಾಸಗಳ ನೋಂದಣಿ ಪಟ್ಟಿಯೂ ಬಂತು.

ಇವುಗಳಲ್ಲಿ ಕೆಲವು ಅನಿವಾರ್ಯವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ನಿಮಿಷ ತಯಾರಿಸಿ ಲೂಟಿ ಮಾಡಲು ಕೂತದ್ದು ಈ ವ್ಯವಹಾರಕ್ಕೆ ಇಳಿದವರು, ಗುರುತಿನ ಪುರಾವೆ ಕೊಟ್ಟು ಕಾಯಬೇಕಾಗಿ ಬಂದದ್ದು ಬಳಸುವವರು. ಕೇಳಿಸುವವರು ಅಮೆರಿಕದಲ್ಲಿ ಫೋನ್ ಎತ್ತಿ ಮಾತಾಡಲು ತಮ್ಮ ಅಂಗಾಂಗದ ಲೆಕ್ಕ ಯಾರಿಗೂ ಕೊಡಬೇಕಿಲ್ಲ. ಲಾಭ ಇಳಿದ ಮೇಲೆ ಇಂಟರ್ನೆಟ್ ರಿಲೇಯಿಂದ ಕಂಪನಿಗಳು ಒಂದೊಂದಾಗಿ ಹೊರಟುಹೋದವು, 2014ರ ಕೊನೆಗೆ ಉಳಿದದ್ದು ಒಂದೇ ಕಂಪನಿ. ಕಿವುಡರೂ ಕುರುಡರೂ ಆಗಿರುವವರು, ಬ್ರೈಲ್ ಪಟ್ಟಿಯ ಮೇಲೆ ಬೆರಳಿಟ್ಟು ಓದುವವರು ನೆಚ್ಚಿಕೊಂಡಿದ್ದ ಸೇವೆ ಅದು. ಮನೆಯಿಂದ ಕೆಲಸದ ತಡೆಯನ್ನು ಎಫ್‌ಸಿಸಿ 2017ರಲ್ಲಿ ಪ್ರಯೋಗಾರ್ಥವಾಗಿ ಸಡಿಲಿಸಿ, 2020ರ ಜನವರಿಯಲ್ಲಿ ಕಾಯಂ ಆಗಿ ಅವಕಾಶ ಕೊಟ್ಟಿತು. ಎರಡು ತಿಂಗಳಲ್ಲೇ ಕೋವಿಡ್ ಬಂತು. ಆ ಅವಕಾಶ ಸಿಗದೇ ಇದ್ದಿದ್ದರೆ ಏನು ಗತಿಯಾಗುತ್ತಿತ್ತೋ.

ಕಂಪನಿಗಳ ಇನ್ನೊಂದು ಆಟವೂ ಇತ್ತು. ಉಚಿತವಾಗಿ ವಿಡಿಯೊ ಫೋನ್ ಕೊಟ್ಟು, ಅದರಲ್ಲಿ ಬೇರೆ ಕಂಪನಿಯ ದುಭಾಷಿಗೆ ಕರೆ ಹೋಗದಂತೆ ತಡೆದಿಡುವುದು. ಒಂದು ಕಂಪನಿಯ ಸಾಲು ಉದ್ದವಾಗಿದ್ದರೆ, ಎದೆನೋವು ಬಂದರೂ ಕಾಯಲೇಬೇಕು. 2006ರಲ್ಲಿ ಎಫ್‌ಸಿಸಿ ಇದನ್ನು ನಿಷೇಧಿಸಿತು. ವಿಡಿಯೊ ರಿಲೇ ಬಳಸುವವರಿಗೆ ಎಲ್ಲರ ಹಾಗೆ ಹತ್ತು ಅಂಕಿಯ ಫೋನ್ ನಂಬರ್ ಸಿಕ್ಕಿದ್ದು 2008ರ ಕೊನೆಯಲ್ಲಿ. ಅಲ್ಲಿಯ ತನಕ ಕೇಳಿಸುವ ತಾಯಿ ತನ್ನ ಕಿವುಡ ಮಗನಿಗೆ ನೇರವಾಗಿ ಡಯಲ್ ಮಾಡುವುದೇ ಒಂದು ಸಾಹಸವಾಗಿತ್ತು.

ಯಂತ್ರ ಬಂದಾಗ

ಈಗಿನ ಚರ್ಚೆ ಯಂತ್ರದ್ದು. ಇಳಿವಯಸ್ಸಿನಲ್ಲಿ ಕಿವಿ ಮಂದವಾದವರಿಗೆ ಅಮೆರಿಕದಲ್ಲಿ ಶೀರ್ಷಿಕೆಯ ಫೋನ್ ಇದೆ. ಅವರೇ ಮಾತಾಡುತ್ತಾರೆ, ಆಚೆಯವರ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುತ್ತದೆ. ಮೊದಲು ಇದಕ್ಕೆ ನಡುವೆ ಮನುಷ್ಯರಿದ್ದರು. 2018ರ ಜೂನ್‌ನಲ್ಲಿ ಎಫ್‌ಸಿಸಿ ಕೇವಲ ಯಂತ್ರವೇ ಮಾತನ್ನು ಅಕ್ಷರ ಮಾಡಿದರೂ ನಿಧಿಯಿಂದ ಹಣ ಕೊಡಲು ಒಪ್ಪಿತು. 2024ರಲ್ಲಿ ಯಂತ್ರದ ಸೇವೆಗೆ ಬೇರೆ, ಮನುಷ್ಯರಿರುವ ಸೇವೆಗೆ ಬೇರೆ ದರ ನಿಗದಿಯಾಯಿತು. ಯಂತ್ರದ್ದು ಅಗ್ಗ.

ಯಂತ್ರವೆಂದರೆ ಕೆಟ್ಟದ್ದೇ ಎಂದೇನಿಲ್ಲ. ನಡುವೆ ಮೂರನೆಯವರ ಕಿವಿ ಇಲ್ಲ ಎಂಬುದು ಹಲವರಿಗೆ ನೆಮ್ಮದಿ ಕೊಡುವ ಸಂಗತಿ. ಅಕ್ಷರವೂ ಬೇಗ ಬರುತ್ತದೆ. ಆದರೆ ಡಾಕ್ಟರ್ ಹೇಳಿದ "ಹದಿನೈದು" ಪರದೆಯಲ್ಲಿ "ಐವತ್ತು" ಆದರೆ? ವಲಸೆ ಬಂದವರ ಉಚ್ಚಾರ, ಮಕ್ಕಳ ದನಿ, ಗಲಾಟೆಯ ನಡುವಿನ ಮಾತು ಯಂತ್ರಕ್ಕೆ ಎಷ್ಟು ಸರಿಯಾಗಿ ಹಿಡಿಯುತ್ತದೆ ಎಂದು ಅಳೆಯುವವರು ಯಾರು? ಅಲ್ಲಿನ ಬಳಕೆದಾರರ ಸಂಘಟನೆಗಳ ಕೇಳಿಕೆ ಇದೇ. ಯಂತ್ರ ಬೇಡ ಎಂದಲ್ಲ, ಆಪರೇಟರಿಗೆ ನಿಮಿಷಕ್ಕೆ 60 ಪದ ಎಂದು ಗೆರೆ ಎಳೆದಂತೆ ಯಂತ್ರದ ತಪ್ಪಿಗೂ ಒಂದು ಗೆರೆ ಬೇಕು.

ಬ್ರಿಟನ್ ಹಿಡಿದದ್ದು ಬೇರೆ ದಾರಿ. ಅಲ್ಲಿ ಟೈಪ್ ಮಾಡುವ ರಿಲೇ ಬಹಳ ಹಿಂದಿನಿಂದಲೂ ಇದೆ. ಸಂಜ್ಞಾ ಭಾಷೆಯ ವಿಡಿಯೊ ರಿಲೇಯನ್ನು ತುರ್ತು ಕರೆಗೆ ಕಡ್ಡಾಯ ಮಾಡಿದ್ದು ಮಾತ್ರ 2022ರ ಜೂನ್ 17ರಂದು. 999ಕ್ಕೆ ಈಗ ಸನ್ನೆಯಲ್ಲೇ ಕರೆ ಮಾಡಬಹುದು.

ನಮ್ಮಲ್ಲಿ ಕಾಯ್ದೆ ಇದೆ, ಹೊಣೆ ಇಲ್ಲ

2011ರ ಜನಗಣತಿ ಪ್ರಕಾರ ಭಾರತದಲ್ಲಿ ಶ್ರವಣದೋಷ ಇರುವವರು 50.7 ಲಕ್ಷ, ಮಾತಿನ ತೊಂದರೆ ಇರುವವರು ಸುಮಾರು 20 ಲಕ್ಷ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 42ನೇ ಸೆಕ್ಷನ್ ಮಾಹಿತಿ–ಸಂಪರ್ಕ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತಿರಬೇಕು ಅನ್ನುತ್ತದೆ. 2018ರ ಜುಲೈನಲ್ಲಿ ಟ್ರಾಯ್ ಇದೇ ವಿಷಯದಲ್ಲಿ ಶಿಫಾರಸುಗಳನ್ನೂ ಕೊಟ್ಟಿತು. 1885ರ ಟೆಲಿಗ್ರಾಫ್ ಕಾಯ್ದೆಯನ್ನು ಮೂಲೆಗೆ ಸರಿಸಲು 2023ರ ದೂರಸಂಪರ್ಕ ಕಾಯ್ದೆಯೂ ಬಂತು. ಆದರೆ ಅಮೆರಿಕದ 225ನೇ ಸೆಕ್ಷನ್‌ನಂತೆ "ರಿಲೇ ಸೇವೆ ಕೊಡುವುದು ಟೆಲಿಕಾಂ ಕಂಪನಿಯ ಕಡ್ಡಾಯ ಹೊಣೆ" ಎಂಬ ಒಂದು ಸಾಲು ಹಕ್ಕುಗಳ ಕಾಯ್ದೆಯಲ್ಲೂ ಇಲ್ಲ, ದೂರಸಂಪರ್ಕ ಕಾಯ್ದೆಯಲ್ಲೂ ಇಲ್ಲ.

ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. 2015ರಲ್ಲಿ ಆರಂಭವಾದ ದಿಲ್ಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ಸಂಜ್ಞಾ ಕೋಶ ಮಾಡಿದೆ. 2023ರ ಸಂಜ್ಞಾ ಭಾಷಾ ದಿನದಂದು ವಾಟ್ಸ್‌ಆ್ಯಪ್ ಮೂಲಕ ವಿಡಿಯೊ ರಿಲೇ ಸೇವೆಯನ್ನೂ ಶುರು ಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಒಂದು ಕೇಂದ್ರ ಕೊಡುವ ಸೇವೆಗೂ ಕಾಯ್ದೆ ಕೊಡಿಸುವ ಹಕ್ಕಿಗೂ ಅಂತರ ಬಹಳ. ಕೇಂದ್ರದ ಸಿಬ್ಬಂದಿ ಕಡಿಮೆಯಾದರೆ ಸೇವೆಯೂ ಕಡಿಮೆಯಾಗುತ್ತದೆ. ರಿಲೇ ಮೂಲಕ ಬಂದ ಕರೆಯನ್ನು ಬ್ಯಾಂಕು ಒಪ್ಪಲೇಬೇಕು ಎಂದು ಕಾಯ್ದೆ ಹೇಳದಿದ್ದರೆ, ತಂಗಿಗೆ ಸಿಕ್ಕ ಉತ್ತರವೇ ದುಭಾಷಿಗೂ ಸಿಗುತ್ತದೆ.

ದುಡ್ಡಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ನಮ್ಮ ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ಆದಾಯದ ಶೇ. 5ರಷ್ಟನ್ನು ಸಾರ್ವತ್ರಿಕ ಸೇವೆಗೆಂದು ಕಟ್ಟುತ್ತಲೇ ಬಂದಿವೆ. ಆ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. 2024ರಲ್ಲಿ ಬಂದ ಅದರ ನಿಯಮಗಳಲ್ಲಿ ಸೇವೆ ಸಿಗದ ವರ್ಗಗಳ ಸಾಲಿನಲ್ಲಿ ಅಂಗವಿಕಲರ ಹೆಸರೂ ಇದೆ. ಅಮೆರಿಕ ಯಾವ ಬುನಾದಿಯ ಮೇಲೆ ರಿಲೇ ಕಟ್ಟಿತೋ ಅಂಥದ್ದೇ ಬುನಾದಿ ಇಲ್ಲಿ ಹಾಕಿಯೇ ಇದೆ. ಗೋಡೆ ಏಳಬೇಕಷ್ಟೆ.

ಕೋರ್ಟುಗಳೂ ದಾರಿ ತೋರಿಸಿವೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಟುಕುವಿಕೆಯ ಮಾನದಂಡಗಳು ಬರೀ ಮಾರ್ಗಸೂಚಿ ಆಗಿದ್ದರೆ ಸಾಲದು, ಕಡ್ಡಾಯ ನಿಯಮ ಆಗಬೇಕು ಎಂದಿತು. 2025ರ ಏಪ್ರಿಲ್ 30ರ ಪ್ರಗ್ಯಾ ಪ್ರಸೂನ್ ತೀರ್ಪು ಬ್ಯಾಂಕಿನ ಡಿಜಿಟಲ್ ಕೆವೈಸಿ ಕುರಿತದ್ದು. ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರಿಗೆ "ಕಣ್ಣು ಮಿಟುಕಿಸಿ" ಎಂದು ಆ್ಯಪ್ ಕೇಳುತ್ತಿತ್ತು. ಡಿಜಿಟಲ್ ಸೇವೆ ಎಟುಕುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಕಿವಿ ಕೇಳಿಸದವರಿಗೆ "ಫೋನಿನಲ್ಲಿ ನೀವೇ ಮಾತಾಡಿ" ಅನ್ನುವುದು ಅದಕ್ಕಿಂತ ಬೇರೆಯೇನಲ್ಲ.

ಯಾವ ಭಾಷೆಯಲ್ಲಿ?

ನಮ್ಮ ಕಡೆಯ ಒಂದು ತೊಡಕು ದಿಲ್ಲಿಗೆ ಸುಲಭವಾಗಿ ಕಾಣುವಂಥದ್ದಲ್ಲ. ಮಂಜೇಶ್ವರದ ಒಬ್ಬ ಕಿವುಡ ಹುಡುಗ ಶಾಲೆಯಲ್ಲಿ ಕಲಿತದ್ದು ಕನ್ನಡ ಅಥವಾ ಮಲಯಾಳಂ ಅಕ್ಷರ. ಮನೆಯಲ್ಲಿ ಉಮ್ಮ ಆಡುವುದು ಬ್ಯಾರಿ. ಪಕ್ಕದ ಅಂಗಡಿಯಲ್ಲಿ ತುಳು, ಪಂಚಾಯತ್ ಕಚೇರಿಯಲ್ಲಿ ಮಲಯಾಳಂ, ಆಸ್ಪತ್ರೆಗೆ ಹೋದರೆ ಮಂಗಳೂರಿನ ಕನ್ನಡ. ಅವನು ಸಂಜ್ಞಾ ಭಾಷೆಯಲ್ಲಿ ಹೇಳಿದ್ದನ್ನು ದಿಲ್ಲಿಯ ದುಭಾಷಿ ಹಿಂದಿಯಲ್ಲಿ ದಾಟಿಸಿದರೆ ಉಮ್ಮನಿಗೆ ಎಂತ ಅರ್ಥ ಆಗಬೇಕು?

ಅಮೆರಿಕಕ್ಕೂ ಈ ಪ್ರಶ್ನೆ ಎದುರಾಗಿತ್ತು. ಮನೆಯಲ್ಲಿ ಸ್ಪ್ಯಾನಿಷ್, ಮಗನಿಗೆ ಅಮೆರಿಕದ ಸಂಜ್ಞಾ ಭಾಷೆ ಎಂಬ ಕುಟುಂಬಗಳು ಅಲ್ಲಿವೆ. ರಾಜ್ಯಗಳ ನಡುವಿನ ಕರೆಗೆ ಸ್ಪ್ಯಾನಿಷ್ ರಿಲೇ 2001ರಲ್ಲಿ ಕಡ್ಡಾಯವಾಯಿತು. ಸನ್ನೆಯಿಂದ ನೇರ ಸ್ಪ್ಯಾನಿಷ್‌ಗೆ ದಾಟಿಸುವ ವಿಡಿಯೊ ಕರೆಗೂ ನಿಧಿಯಿಂದ ಹಣ ಕೊಡಬಹುದೆಂದು 2005ರಲ್ಲಿ ಎಫ್‌ಸಿಸಿ ಒಪ್ಪಿತು. ಇಲ್ಲಿಯೂ ರಿಲೇ ಬಂದರೆ ಅದು ಹಿಂದಿ–ಇಂಗ್ಲಿಷ್‌ಗೆ ನಿಲ್ಲದೆ ಕನ್ನಡ, ಮಲಯಾಳಂಗಳಲ್ಲೂ ಇರಬೇಕೆಂದು ಕೇಳಬೇಕಾದ್ದು ಈಗಲೇ, ನಿಯಮ ಬರೆದು ಮುಗಿದ ಮೇಲಲ್ಲ. ಬ್ಯಾರಿ, ತುಳು ಬಲ್ಲ ಕೇಳಿಸುವ ಯುವಕ ಯುವತಿಯರು ಸಂಜ್ಞಾ ಭಾಷೆ ಕಲಿತರೆ ಅದು ಒಂದು ವೃತ್ತಿಯೂ ಹೌದು.

ಗಲ್ಫ್‌ನ ನಂಟಿರುವ ಮನೆಗಳಿಗೆ ಇನ್ನೊಂದು ಅನುಭವವಿದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ಹಿಂದಿನಿಂದಲೂ ನಿರ್ಬಂಧವಿದ್ದು, ಬೋಟಿಮ್‌ನಂಥ ಅನುಮತಿ ಇರುವ ಆ್ಯಪ್‌ಗಳನ್ನೇ ಬಳಸಬೇಕು. ಕೇಳಿಸುವವರಿಗೆ ಇದು ಸಣ್ಣ ಕಿರಿಕಿರಿ, ವಿಡಿಯೊ ಇಲ್ಲದಿದ್ದರೆ ಮಾಮೂಲಿ ಫೋನ್ ಇದೆಯಲ್ಲ. ದುಬೈಯಲ್ಲಿರುವ ಅಪ್ಪನ ಜೊತೆ ಕೈಸನ್ನೆಯಲ್ಲೇ ಮಾತಾಡುವ ಮಗಳಿಗೆ ವಿಡಿಯೊ ಇಲ್ಲದಿದ್ದರೆ ಕರೆಯೇ ಇಲ್ಲ. ಟೆಲಿಕಾಂ ನಿಯಮ ಬರೆಯುವವರು ಯಾವ ದೇಶದವರಾದರೂ ಕಿವುಡರನ್ನು ಎದುರು ಕೂರಿಸಿಕೊಳ್ಳದೆ ಬರೆದರೆ ಆಗುವುದು ಹೀಗೆಯೇ.

ಸದ್ಯಕ್ಕೆ ಬ್ಯಾಂಕಿನ ಕರೆ ಕಟ್ಟಾದ ಆ ಮನೆಯವರ ಮುಂದಿರುವ ದಾರಿ ಒಂದು ಅರ್ಜಿ. ಬ್ಯಾಂಕು, ಟೆಲಿಕಾಂ ಎರಡೂ ಕೇಂದ್ರದ ವ್ಯಾಪ್ತಿಗೆ ಬರುವುದರಿಂದ ದೂರು ಹೋಗಬೇಕಾದ್ದು ದಿಲ್ಲಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಮುಖ್ಯ ಆಯುಕ್ತರಿಗೆ. ಕಾಯ್ದೆಯ 75ನೇ ಸೆಕ್ಷನ್ ಅವರಿಗೆ ವಿಚಾರಣೆಯ ಅಧಿಕಾರ ಕೊಟ್ಟಿದೆ. ರಾಜ್ಯ ಸರ್ಕಾರದ ಕಚೇರಿ, ಆಸ್ಪತ್ರೆಗಳ ವಿಷಯವಾದರೆ ಗಡಿಯ ಈಚೆಯವರು ತಿರುವನಂತಪುರಕ್ಕೆ, ಆಚೆಯವರು ಬೆಂಗಳೂರಿಗೆ, ಆಯಾ ರಾಜ್ಯ ಆಯುಕ್ತರಿಗೆ ಬರೆಯಬಹುದು. ಕರೆ ಬಂದ ದಿನ, ಹೊತ್ತು, ಆಚೆಯವರು ಹೇಳಿದ ಮಾತು ಇಷ್ಟನ್ನು ಬರೆದಿಟ್ಟುಕೊಂಡಿದ್ದರೆ ಒಳ್ಳೆಯದು. ದೂರನ್ನು ಕಾಗದದಲ್ಲೇ ಕಳಿಸಬಹುದು, ಅದಕ್ಕೆ ಯಾರಿಗೂ ಫೋನ್ ಮಾಡಬೇಕಾಗಿಲ್ಲ.